ತಗಡಿನ ಜಟ್ಟಿ – ಕಂತು ೭: ‘ತಪ್ಪಾಗಿದೆ’

“ಕೈ ತೊಳ್ಕೊಂಡು ಬಂದ್ರಾ?” ಎಂದು ಕೇಳಿದರು ಮೇಷ್ಟ್ರು.

ಭೂತಗನ್ನಡಿ ಅಕ್ಕ ಎರಡೂ ಅಂಗೈ ಮುಂದೆ ಚಾಚಿದಳು. ಮೇಷ್ಟ್ರು ಕನ್ನಡಕ ಏರಿಸಿ, ಬಗ್ಗಿ ನೋಡಿ, ಪಾಸು ಎಂಬಂತೆ ತಲೆಯಾಡಿಸಿ, ಮೇಜಿನ ಮೇಲಿದ್ದ ಬಿಳಿ ಟವೆಲ್ಲನ್ನು ಸರಿಸಿದರು.

ಟವೆಲ್ಲಿನ ಕೆಳಗೆ ಜಟ್ಟಿ ನಿಂತಿದ್ದ.

ಕಟ್ಟು ಕಳಚಿದ, ಅಂಗೈಗಿಂತ ಚೂರು ದೊಡ್ಡದಾದ ತಗಡು. ಅದರ ಮೇಲೆ ನೂರಮೂವತ್ತು ವರ್ಷದ ಹಿಂದಿನ ಕುಸ್ತಿಯವನೊಬ್ಬ ಮೀಸೆ ತಿರುವಿ, ಎದೆ ಸೆಟೆಸಿ, ಎಡಗೈಯಲ್ಲಿ ಕಬ್ಬಿಣದ ಗುಂಡು ಎತ್ತಿ ಹಿಡಿದಿದ್ದ. ಸೊಂಟದ ಪಟ್ಟಿಯಲ್ಲಿ ದೊಡ್ಡದೊಂದು ಬಿಲ್ಲೆ, ಬಿಲ್ಲೆಯ ಮೇಲೆ ಮೂರಕ್ಷರ: ಅಜೇಯ. ಹೋದ ವಾರದ ಗುರುವಾರ ಇದೇ ಗೋಡೆಯಿಂದ ಮಾಯವಾಗಿದ್ದ ‘ಎಡಗೈ ಸಿಡಿಲು’ ಈವತ್ತು ಶನಿವಾರ ಮಧ್ಯಾಹ್ನ ಒಂದು ಗಂಟೆಗೆ, ಬಾಗಿಲ ಸಂದಿಯಲ್ಲಿ ಯಾರೋ ತೂರಿಸಿದ ಲಕೋಟೆಯಲ್ಲಿ ಕೂತು ತಾನೇ ಮನೆಗೆ ಬಂದಿದ್ದ.

“ಬಂದ ನೋಡಿ ನಮ್ಮ ಹುಡುಗ,” ಎಂದರು ಮೇಷ್ಟ್ರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಮೇಷ್ಟ್ರು ಎಂದರೆ ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟವರು. ಊದಿದರೆ ಹಾರಿಹೋಗುವ ಮೈಕಟ್ಟು. ಜನ್ಮದಲ್ಲಿ ಒಬ್ಬರ ಮೇಲೂ ಕೈ ಮಾಡಿದವರಲ್ಲ. ಅಂಥವರಿಗೆ ಹಳೇ ಕಾಲದ ಜಟ್ಟಿಗಳ ಪಟ ಕೂಡಿಹಾಕುವ ಹುಚ್ಚು ಎಲ್ಲಿಂದ ಹತ್ತಿತೋ ದೇವರೇ ಬಲ್ಲ. ನಡುಮನೆಯ ನಾಲ್ಕು ಗೋಡೆಗಳ ಮೇಲೂ ತೊಡೆ ತಟ್ಟಿದವರು, ತೋಳು ಉಬ್ಬಿಸಿದವರು, ಕಿವಿ ಜಜ್ಜಿಹೋದವರು, ಒಟ್ಟು ನೂರರವತ್ತು ಮಂದಿ. ಹೊಸಬರು ಯಾರಾದರೂ ಬಂದರೆ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದರು.

ಭೂತಗನ್ನಡಿ ಅಕ್ಕನಿಗೆ ಮಾತ್ರ ಈ ಮನೆ ಎಂದರೆ ಖುಷಿ. ಇಪ್ಪತ್ತೆಂಟು ವರ್ಷ ಸ್ಟುಡಿಯೋಗಳಲ್ಲಿ ಪಟಗಳಿಗೆ ಟಚಪ್ ಮಾಡಿದವಳು ಅವಳು. ಮದುಮಗಳ ಮೊಡವೆ ಅಳಿಸಿದ್ದಾಳೆ, ಮದುಮಗನ ನೆತ್ತಿಗೆ ಕೂದಲು ಬರೆದಿದ್ದಾಳೆ. ಕೆಲಸ ಬಿಟ್ಟ ಮೇಲೂ ಸೊಂಟದಿಂದ ಭೂತಗನ್ನಡಿ ಇಳಿಸಲಿಲ್ಲವಾದ್ದರಿಂದ ಆ ಹೆಸರು. ಗಂಡ ಅದನ್ನೂ ಮೊಟಕು ಮಾಡಿ ಬರೀ ‘ಭೂತ’ ಎಂದು ಕರೆಯುತ್ತಾನೆ. ಅವಳು ಬೇಜಾರು ಮಾಡಿಕೊಂಡಿಲ್ಲ.

“ಮುಟ್ಟಿ ನೋಡಿ, ಪರವಾಗಿಲ್ಲ,” ಎಂದು ಮೇಷ್ಟ್ರು ಉದಾರವಾಗಿ ಹೇಳಿದರು. “ಲಕೋಟೆಯಲ್ಲಿ ಚೀಟಿಯೂ ಇತ್ತು. ಓದಿ.”

ರೂಲು ಹಾಳೆಯ ತುಂಡು. ಕೈಬರಹದ ಗುರುತು ಸಿಗಬಾರದೆಂದು ರೂಢಿಯಿಲ್ಲದ ಕೈಯಲ್ಲಿ ಬರೆದ ಸೊಟ್ಟ ಅಕ್ಷರ. ಒಂದೇ ಮಾತು.

ತಪ್ಪಾಗಿದೆ.

“ನೋಡಿದ್ರಾ? ಒಪ್ಪಿಕೊಂಡುಬಿಟ್ಟ,” ಎಂದರು ಮೇಷ್ಟ್ರು. “ಕಟ್ಟಿನಣ್ಣ ಕಳ್ಳ ಅಂತ ನಾನು ಹೇಳಿದಾಗ ನೀವು ಒಪ್ಪಲಿಲ್ಲ. ಈಗೇನಂತೀರಿ?”

ಕಟ್ಟಿನಣ್ಣ ಪಕ್ಕದ ಬೀದಿಯಲ್ಲಿ ಪಟಗಳಿಗೆ ಕಟ್ಟು ಹಾಕುವವನು, ಮೇಷ್ಟ್ರ ಮೂವತ್ತು ವರ್ಷದ ಗೆಳೆಯ. ಆ ಗುರುವಾರ ಗೋಡೆಯ ಪಟಗಳಿಗೆ ಹೊಸ ಹಗ್ಗ ಹಾಕಲು ಬಂದಿದ್ದ. ಅವನು ಹೋದ ಮೇಲೆ ನೋಡಿದರೆ ಮೊಳೆ ಇತ್ತು, ಜಟ್ಟಿ ಇರಲಿಲ್ಲ. ಮೇಷ್ಟ್ರು ನಡುಬೀದಿಯಲ್ಲಿ ನಿಂತು, ‘ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ’ ಎಂದುಬಿಟ್ಟಿದ್ದರು. ಕಟ್ಟಿನಣ್ಣ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಂದಿನಿಂದ ಅವನ ಅಂಗಡಿಗೆ ಜನ ಹೋಗುವುದೇ ಕಮ್ಮಿಯಾಗಿತ್ತು. ಅಜ್ಜ ಅಜ್ಜಿಯರ ಪಟವನ್ನು ಕಳ್ಳನ ಕೈಗೆ ಯಾರು ಕೊಡುತ್ತಾರೆ?

“ನಾಳೆ ಗ್ರಂಥಾಲಯದಲ್ಲಿ ನನ್ನ ಜಟ್ಟಿಗಳ ಪ್ರದರ್ಶನ ಇದೆಯಲ್ಲ,” ಮೇಷ್ಟ್ರು ಮುಂದುವರಿಸಿದರು, “ಅಲ್ಲಿ ಎಲ್ಲರ ಎದುರಿಗೆ ಅವನನ್ನ ಕ್ಷಮಿಸಿಬಿಡ್ತೀನಿ. ಮನಸ್ಸಲ್ಲಿ ಏನೂ ಇಟ್ಟುಕೊಳ್ಳಲ್ಲ. ಅಪ್ಪಿಕೊಂಡೇ ಬಿಡ್ತೀನಿ.”

ಭೂತಗನ್ನಡಿ ಅಕ್ಕ ಚೀಟಿಯಿಂದ ತಲೆ ಎತ್ತಿದಳು. ಇದುವರೆಗೆ ಕಟ್ಟಿನಣ್ಣನ ಮೇಲಿದ್ದದ್ದು ಬರೀ ಅನುಮಾನ. ಊರ ಜನರ ಮುಂದೆ ಮೇಷ್ಟ್ರು ಕ್ಷಮಿಸಿದರೆ ಅದು ತೀರ್ಪಾಗುತ್ತದೆ. ಆಮೇಲೆ ಆ ಮನುಷ್ಯ ತಲೆ ಎತ್ತಿ ಓಡಾಡುವ ಹಾಗಿಲ್ಲ.

“ಅವನಿಗೆ ಈಗಲೇ ಒಂದು ಫೋನ್ ಹಾಕಿಬಿಡ್ತೀನಿ. ಗ್ರಂಥಾಲಯದವರಿಗೂ ಹೇಳಿಬಿಡ್ತೀನಿ,” ಎಂದು ಮೇಷ್ಟ್ರು ಫೋನಿನತ್ತ ಹೊರಟರು.

ಅವಳು ರಿಸೀವರಿನ ಮೇಲೆ ಕೈ ಇಟ್ಟಳು. “ಯಾರಿಗಾದ್ರೂ ಹೇಳಿದೀರಾ, ಪಟ ಬಂದಿದೆ ಅಂತ?”

“ನಿಮ್ಮೊಬ್ಬರಿಗೇ. ನೀವು ಯಾರಿಗೂ ಬಾಯಿ ಬಿಡಬೇಡಿ ಅಂದ್ರಲ್ಲ. ಮಧ್ಯಾಹ್ನ ಒಂದರಿಂದ ಹೊಟ್ಟೆಯಲ್ಲಿ ಇಟ್ಟುಕೊಂಡು ಒದ್ದಾಡ್ತಿದೀನಿ.”

“ಇನ್ನೂ ಸ್ವಲ್ಪ ಹೊತ್ತು ಒದ್ದಾಡಿ, ಮೇಷ್ಟ್ರೇ.”

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಕಾಫಿ ತಂದರು. ಗುಂಡುಗುಂಡನೆಯ ಹೆಂಗಸು. ಅಚ್ಚುಕೂಟವೊಂದರಲ್ಲಿ ಇಡೀ ಆಯುಸ್ಸು ಕರಡು ತಿದ್ದಿದವರು. ಈಗಲೂ ಸೆರಗಿಗೆ ಕೆಂಪು ಪೆನ್ನು ಸಿಕ್ಕಿಸಿಕೊಂಡಿರುತ್ತಾರೆ. ಸಾಮಾನು ಕಟ್ಟಿಬಂದ ಪೇಪರಿನಲ್ಲೂ ದೀರ್ಘ, ಒತ್ತು ತಿದ್ದಿಯೇ ಬುಟ್ಟಿಗೆ ಹಾಕುವವರು.

“ನೀವೂ ನೋಡಿ ಅಕ್ಕಾ,” ಎಂದು ಭೂತಗನ್ನಡಿ ಅಕ್ಕ ಚೀಟಿಯನ್ನು ಅವರ ಕೈಗೆ ಕೊಟ್ಟಳು.

ಸುಮ್ಮನೆ ಕೊಟ್ಟದ್ದೇನಲ್ಲ. ಚೀಟಿ ಓದುವವರ ಕಣ್ಣು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನೋಡುವುದು ಅವಳ ಹಳೇ ಚಾಳಿ. ಮೇಷ್ಟ್ರು ‘ತಪ್ಪಾಗಿದೆ’ ಎಂದು ಓದಿ ಕಟ್ಟಿನಣ್ಣನ ಅಂಗಡಿ ಇರುವ ದಿಕ್ಕಿಗೆ ನೋಡಿದ್ದರು. ಅವರ ಹೆಂಡತಿ ಓದಿ ಪಟವನ್ನು ನೋಡಿದರು. ಪಟದಲ್ಲೂ ಮುಖವನ್ನಲ್ಲ, ಬಿಲ್ಲೆಯನ್ನು. ನೋಡಿ, ತಟ್ಟೆಯನ್ನು ಎದೆಗವಚಿಕೊಂಡು ಸರಸರನೆ ಅಡುಗೆಮನೆಗೆ ನಡೆದುಬಿಟ್ಟರು.

ಭೂತಗನ್ನಡಿ ಅಕ್ಕ ಕಾಫಿ ಹೀರಿದಳು. ಕಾಫಿಗೆ ಸಕ್ಕರೆಯೇ ಇರಲಿಲ್ಲ. ಈ ಮನೆಯಲ್ಲಿ ಹಾಗೆ ಎಂದೂ ಆಗಿದ್ದಿಲ್ಲ.

“ಮೇಷ್ಟ್ರೇ, ಈ ಪಟ ಮೊದಲ ಸಲ ಸಿಕ್ಕಾಗ ನೀವು ಬರೆದಿಟ್ಟ ನೋಟ್‌ಬುಕ್ಕು ಎಲ್ಲಿ?”

ಅದು ಕೈಯಳತೆಯಲ್ಲೇ ಇತ್ತು. ಇಪ್ಪತ್ತೊಂದು ವರ್ಷದ ಹಿಂದಿನ ಪುಟ. ಮುದ್ದಾದ ಅಕ್ಷರದಲ್ಲಿ ಮೇಷ್ಟ್ರು ಬರೆದಿದ್ದರು: ಎಡಗೈ ಜಟ್ಟಿ. ತಗಡಿನ ಮೇಲೆ. ಸೊಂಟದ ಬಿಲ್ಲೆಯಲ್ಲಿ ಯಾವುದೋ ಪರದೇಶದ ಲಿಪಿ ಇದೆ, ಓದಲಾಗುವುದಿಲ್ಲ.

“ಈಗ ‘ಅಜೇಯ’ ಅಂತ ಲಕ್ಷಣವಾಗಿ ಓದಬಹುದಲ್ಲ?” ಎಂದಳು ಅವಳು.

“ಅದಾ? ಅದು ಕಣ್ಣಿನ ಡಾಕ್ಟರ ಪುಣ್ಯ,” ಎಂದರು ಮೇಷ್ಟ್ರು ಹೆಮ್ಮೆಯಿಂದ. “ಆರು ವರ್ಷದ ಹಿಂದೆ ಪೊರೆ ತೆಗೆಸಿಕೊಂಡು ಮನೆಗೆ ಬಂದೆ. ಪಟ ನೋಡ್ತೀನಿ, ಅಕ್ಷರ ಮುತ್ತಿನ ಹಾಗೆ ಕಾಣ್ತಿದೆ. ಅವತ್ತೇ ಡಾಕ್ಟರಿಗೆ ಕಾಗದ ಬರೆದೆ.”

ಭೂತಗನ್ನಡಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಮೇಷ್ಟ್ರ ಹೆಂಡತಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು.

“ಅಕ್ಕಾ, ಹಳೇ ಕಾಲದಲ್ಲಿ ತಗಡಿನ ಮೇಲೆ ನೇರವಾಗಿ ಪಟ ಇಳಿಸ್ತಿದ್ರು,” ಎಂದಳು ಅವಳು, ಯಾರಿಗೋ ಅಡುಗೆ ಹೇಳಿಕೊಡುವವಳ ಹಾಗೆ ನಿಧಾನವಾಗಿ. “ನೆಗೆಟಿವ್ ಇಲ್ಲ, ಪ್ರಿಂಟ್ ಇಲ್ಲ. ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ಅದಲುಬದಲಾಗಿ ಕೂರುತ್ತೆ. ಅಕ್ಷರ ಇದ್ದರೆ ಅದೂ ತಿರುಗುಮುರುಗು. ಮೇಷ್ಟ್ರು ಅದನ್ನೇ ಪರದೇಶದ ಲಿಪಿ ಅಂದುಕೊಂಡಿದ್ದು.”

ನಲ್ಲಿ ನೀರು ಸುರಿಯುತ್ತಲೇ ಇತ್ತು.

“ಆದರೆ ನಡುಮನೆಯಲ್ಲಿರೋ ಪಟದಲ್ಲಿ ಅಕ್ಷರ ನೆಟ್ಟಗಿದೆ. ಗುಂಡು ಮಾತ್ರ ಎಡಗೈಯಲ್ಲೇ ಇದೆ. ಪಟ ಪೂರ್ತಿ ತಿರುಗಿಸಿದ್ರೆ ಗುಂಡು ಬಲಗೈಗೆ ಹೋಗಬೇಕಿತ್ತು. ಅಂದ್ರೆ ಅದು ನಕಲು. ನಕಲು ಮಾಡಿಸಿದವರು ಉಳಿದದ್ದೆಲ್ಲ ಹಾಗೇ ಬಿಟ್ಟು ಅಕ್ಷರ ಮಾತ್ರ ಸರಿಮಾಡಿಸಿದಾರೆ. ಅಕ್ಷರ ತಿರುಗಿದ್ರೆ ಜೀವ ತಡೆಯದವರು ಈ ಊರಲ್ಲಿ ಎಷ್ಟು ಜನ ಇದಾರೆ ಹೇಳಿ?”

ಅವರು ನಲ್ಲಿ ನಿಲ್ಲಿಸಿದರು. ಸೆರಗಿನಲ್ಲಿದ್ದ ಕೆಂಪು ಪೆನ್ನನ್ನು ಮುಟ್ಟಿ ನೋಡಿಕೊಂಡರು.

“ತಪ್ಪು ಕಣ್ಣಿಗೆ ಬಿದ್ದ ಮೇಲೆ ತಿದ್ದದೆ ಬಿಡೋದು ಹೇಗಮ್ಮಾ?” ಎಂದರು ಸಣ್ಣ ದನಿಯಲ್ಲಿ. “ಸ್ಟುಡಿಯೋದವನಿಗೆ ಹೇಳಿದೆ, ಉಳಿದದ್ದು ಇದ್ದ ಹಾಗೇ ಇರಲಿ, ಆ ಮೂರಕ್ಷರ ಮಾತ್ರ ಕಂಪ್ಯೂಟರಲ್ಲಿ ಸರಿಮಾಡು ಅಂತ. ಅದರಲ್ಲೇ ಸಿಕ್ಕಿಬಿದ್ದೆ ನೋಡು.”

“ಯಾಕೆ ಮಾಡಿಸಿದ್ರಿ?”

“ತುಕ್ಕು. ಮೂಲೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಶುರುವಾಗಿತ್ತು. ಆ ಗೋಡೆಗೆ ತೇವ ಹಿಡಿಯುತ್ತೆ, ಇಳಿಸಿ ಅಂದರೆ ಇವರು ಕೇಳಲ್ಲ. ದಿನಾ ಬೆಳಿಗ್ಗೆ ಎದ್ದು ಕುರ್ಚಿಯಲ್ಲಿ ಕೂತು ಅವನಿಗೊಂದು ನಮಸ್ಕಾರ ಹೇಳಲೇಬೇಕು. ನನಗೆ ಹೇಳದಿದ್ರೂ ನಡೆಯುತ್ತೆ. ಇವರು ಕಣ್ಣಿನ ಆಸ್ಪತ್ರೆಯಲ್ಲಿದ್ದ ನಾಲ್ಕು ದಿನದಲ್ಲಿ ತಗಡಿನ ಮೇಲೇ ನಕಲು ಮಾಡಿಸಿ ಗೋಡೆಗೆ ಹಾಕಿದೆ. ಅಸಲಿಯನ್ನ ಒಣಗಿರೋ ಜಾಗದಲ್ಲಿ ಭದ್ರವಾಗಿಟ್ಟೆ.”

“ಕಟ್ಟು ಹಾಕಿದ್ದು ಯಾರು?”

ಅವರ ಕಣ್ಣು ತುಂಬಿತು.

“ಕಟ್ಟಿನಣ್ಣನೇ. ನಕಲು ಒಂದು ಬೆರಳಷ್ಟು ಚಿಕ್ಕದಾಗಿ ಬಂತು. ಅವನೇ ಸುತ್ತ ಕಪ್ಪು ರಟ್ಟು ಕೊಟ್ಟು, ಗೊತ್ತಾಗದ ಹಾಗೆ ಕೂರಿಸಿದ. ‘ನಿಮ್ಮ ಯಜಮಾನರಿಗೆ ಈ ಜನ್ಮದಲ್ಲಿ ಹೇಳಲ್ಲ, ತಂಗೀ’ ಅಂತ ಮಾತು ಕೊಟ್ಟ. ಒಂಬತ್ತು ದಿನದಿಂದ ಕಳ್ಳ ಅನ್ನಿಸಿಕೊಂಡ್ರೂ ಬಾಯಿ ಬಿಟ್ಟಿಲ್ಲ. ಹೇಳಿಬಿಡೋಣ ಅಂತ ನಾನು ನೂರು ಸಲ ಬಾಯಿ ತೆಗೆದೆ. ಧೈರ್ಯ ಬರಲಿಲ್ಲ.”

ಭೂತಗನ್ನಡಿ ಅಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಕಟ್ಟಿನಣ್ಣನ ಮೇಲೆ ಪ್ರೀತಿ ಉಕ್ಕಿತು. ನಕಲೆಂದು ಗೊತ್ತಿರುವವನು ನಕಲನ್ನು ಯಾಕೆ ಕದಿಯುತ್ತಾನೆ? ಕದ್ದವನು ಬೇರೆ ಯಾರೋ. ಅಸಲಿ ಎಂದುಕೊಂಡು ಎತ್ತಿದ್ದಾನೆ, ಮನೆಗೆ ಹೋಗಿ ನೋಡಿ ಮೋಸ ಹೋಗಿದ್ದಾನೆ, ‘ತಪ್ಪಾಗಿದೆ’ ಎಂದು ಬರೆದು ವಾಪಸ್ಸು ಎಸೆದಿದ್ದಾನೆ. ಅದು ಕ್ಷಮೆ ಕೇಳಿದ ಮಾತಲ್ಲ. ಈ ಪಟವೇ ತಪ್ಪು ಎಂದು ಹೇಳಿದ ಮಾತು.

“ನಡೀರಿ ಅಕ್ಕಾ. ಈಗಲೇ ಹೇಳಿಬಿಡೋಣ. ನಾಳೆಗೆ ಹೋದರೆ ಕೈ ಮೀರಿಹೋಗುತ್ತೆ.”

“ಬಯ್ದರೆ?”

“ಬಯ್ಯಲಿ. ಮೇಷ್ಟ್ರ ಬೈಗುಳ ಎಷ್ಟು ಹೊತ್ತು ತಡೆಯುತ್ತೆ?”

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಗೋಡೆಯ ಮೇಲಿನ ನೂರೈವತ್ತೊಂಬತ್ತು ಜಟ್ಟಿಗಳೂ ಅವರನ್ನೇ ನೋಡುತ್ತಿದ್ದರು.

“ಆರು ವರ್ಷ,” ಎಂದರು ಕೊನೆಗೆ. “ಆರು ವರ್ಷ ದಿನಾ ಬೆಳಿಗ್ಗೆ ನಾನು ನಕಲಿಗೆ ನಮಸ್ಕಾರ ಹೇಳಿದೆನಾ?”

“ಅದೂ ಮುಗುಳ್ನಕ್ಕು,” ಎಂದರು ಹೆಂಡತಿ, ತಲೆ ಬಗ್ಗಿಸಿಕೊಂಡು.

“ಕಣ್ಣಿನ ಡಾಕ್ಟರಿಗೆ ಕಾಗದ ಬೇರೆ ಬರೆದೆ.”

“ಆ ಕಾಗದದಲ್ಲಿ ಎರಡು ತಪ್ಪಿತ್ತು. ತಿದ್ದಿ ಕಳಿಸಿದೆ.”

ಮೇಷ್ಟ್ರು ಕೂಗಾಡಬೇಕೆಂದು ಬಾಯಿ ತೆರೆದದ್ದೇನೋ ನಿಜ. ಆದರೆ ಹೊರಗೆ ಬಂದದ್ದು ನಗು. ಮೊದಲು ಹೆಗಲು ಕುಣಿಯಿತು, ಆಮೇಲೆ ಹೊಟ್ಟೆ, ಆಮೇಲೆ ಕೂತ ಕುರ್ಚಿ. ಹೆಂಡತಿ ಅಳುತ್ತಲೇ ನಗಲು ಶುರುಮಾಡಿದರು. ಆರು ವರ್ಷದ ಗುಟ್ಟು ಇಳಿಸಿದ ಸುಖ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

“ಅಸಲಿ ಎಲ್ಲಿದೆ, ಮಹರಾಯ್ತಿ?”

“ನಮ್ಮ ಮದುವೆ ಪಟದ ಹಿಂದೆ. ಮೂವತ್ತೆಂಟು ವರ್ಷದಲ್ಲಿ ನೀವು ಒಂದು ದಿನಾನೂ ಅದರ ಕಡೆ ನೋಡಿಲ್ಲ. ಅದಕ್ಕಿಂತ ಭದ್ರವಾದ ಜಾಗ ಈ ಮನೆಯಲ್ಲಿ ಇಲ್ಲ ಅಂತ ಗೊತ್ತಿತ್ತು.”

ಮೇಷ್ಟ್ರು ಪೆಚ್ಚಾಗಿ ಕಿವಿ ತುರಿಸಿಕೊಂಡರು. ಭೂತಗನ್ನಡಿ ಅಕ್ಕ ಕಿಟಕಿಯ ಹೊರಗೆ ನೋಡಿದಳು.

ಮಲಗುವ ಕೋಣೆಯಿಂದ ಮದುವೆ ಪಟ ಇಳಿಯಿತು. ಹಿಂದಿನ ರಟ್ಟಿನ ನಾಲ್ಕು ಮೊಳೆಗಳನ್ನು ಅವಳು ಇಕ್ಕಳದಲ್ಲಿ ಎಳೆದಳು. ಒಳಗೆ ಹಳೇ ಕರಡು ಹಾಳೆಗಳಲ್ಲಿ ಸುತ್ತಿದ ಪೊಟ್ಟಣ. ಹೆಂಡತಿಯೇ ಬಿಚ್ಚಿದರು.

ಅಸಲಿ ಜಟ್ಟಿ. ಮೈ ಕಂದುಕಪ್ಪು, ಮೂಲೆಯಲ್ಲಿ ನಾಲ್ಕು ತುಕ್ಕಿನ ಚುಕ್ಕೆ, ಸೊಂಟದ ಬಿಲ್ಲೆಯಲ್ಲಿ ತಿರುಗುಮುರುಗಾದ ಮೂರಕ್ಷರ. ಅವಳು ಕೈಕನ್ನಡಿ ತರಿಸಿ ಎದುರಿಗೆ ಹಿಡಿದಳು. ಕನ್ನಡಿಯೊಳಗೆ ‘ಅಜೇಯ’ ನೆಟ್ಟಗಾಯಿತು. ಜೊತೆಗೆ ಕಬ್ಬಿಣದ ಗುಂಡು ಸದ್ದಿಲ್ಲದೆ ಬಲಗೈಗೆ ಹೋಯಿತು.

ಮೇಷ್ಟ್ರು ಕನ್ನಡಿ ನೋಡಿದರು, ತಗಡು ನೋಡಿದರು.

“ಇವನು ಎಡಚ ಅಲ್ವಾ?”

“ಅಲ್ಲ ಮೇಷ್ಟ್ರೇ. ನಮ್ಮ ನಿಮ್ಮ ಹಾಗೆ.”

“ಎಡಗೈ ಪಟ್ಟುಗಳು ಅಂತ ಹದಿನೆಂಟು ಪುಟ ಬರೆದಿದೀನಲ್ಲ. ನಾಳೆ ಹಂಚಬೇಕು. ಅಚ್ಚಾಗಿ ಬಂದಿದೆ.”

“ಅಕ್ಷರ ಒಂದೂ ತಪ್ಪಿಲ್ಲ,” ಎಂದರು ಹೆಂಡತಿ ಸಮಾಧಾನ ಮಾಡುವಂತೆ. ಮೂವರಿಗೂ ಮತ್ತೆ ನಗು ಬಂತು. ಭೂತಗನ್ನಡಿ ಅಕ್ಕನಿಗೆ ಬಹಳ ದಿನದ ಮೇಲೆ ಇಷ್ಟು ಹಿತವೆನಿಸಿತ್ತು. ಕಳ್ಳನನ್ನು ನಾಳೆ ನಾಡಿದ್ದು ಹಿಡಿದರಾಯಿತು. ಕಟ್ಟಿನಣ್ಣನ ಮಾನ ಉಳಿಯಿತು, ಅದು ದೊಡ್ಡದು.

“ಅವನು ಕಳ್ಳ ಅಲ್ಲ ಅನ್ನೋದಕ್ಕೆ ನಾನು ಜವಾಬ್ದಾರಿ ಮೇಷ್ಟ್ರೇ,” ಎಂದಳು. “ಈಗ ಫೋನ್ ಮಾಡಿ. ಕ್ಷಮಿಸೋಕಲ್ಲ, ಕ್ಷಮೆ ಕೇಳೋಕೆ.”

ಮೇಷ್ಟ್ರು ಒಂದು ಕ್ಷಣವೂ ತಡಮಾಡಲಿಲ್ಲ. ಕಿವಿ ಮಂದವಾದ್ದರಿಂದ ಯಾವಾಗಲೂ ಸ್ಪೀಕರ್ ಒತ್ತಿಯೇ ಮಾತಾಡುವವರು. ಗುಂಡಿ ಒತ್ತಿ, ನಂಬರು ಹಾಕಿದರು. ಗೆಳೆಯನ ಅಂಗಡಿಯಲ್ಲಿ ಫೋನು ಬಡಿದುಕೊಳ್ಳುವ ಸದ್ದು ನಡುಮನೆಗೆಲ್ಲ ಕೇಳಿಸಿತು. ಯಾರೂ ಎತ್ತಲಿಲ್ಲ.

ಅದೇ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು.

ಗ್ರಂಥಾಲಯದವರು. ಎಣ್ಣೆ ಹಾಕಿ ನೀಟಾಗಿ ಬಾಚಿದ ತಲೆ, ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ.

“ಪಟ ಸಿಕ್ಕಿತಂತೆ, ಬಹಳ ಸಂತೋಷ ಮೇಷ್ಟ್ರೇ. ನಾಳೆ ಬೆಳಿಗ್ಗೆ ಗಡಿಬಿಡಿಯಾಗುತ್ತೆ. ಈವತ್ತೇ ತಗೊಂಡು ಹೋಗೋಣ ಅಂತ ಬಂದೆ.”

ಸಂತೋಷದಲ್ಲಿದ್ದ ಮೇಷ್ಟ್ರಿಗೆ ಆ ಮಾತಿನಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಪೆಟ್ಟಿಗೆ ತೆರೆದರು. ಒಳಗೆ ನೀಲಿ ಮಖಮಲ್ಲು, ಅದರ ನಡುವೆ ಪಟ ಕೂರಿಸಲು ಕೊರೆದ ಗುಣಿ. ಅಸಲಿ ತಗಡನ್ನು ಎರಡೂ ಕೈಯಲ್ಲಿ ಎತ್ತಿ ಅದರಲ್ಲಿಟ್ಟರು. ತಗಡು ಅತ್ತಿತ್ತ ಅಲುಗದೆ ಕೂತಿತು.

“ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಅಳತೆ ಹಿಡಿದು ಮಾಡಿಸಿದ ಹಾಗಿದೆ,” ಎಂದರು ಮೇಷ್ಟ್ರು.

ಭೂತಗನ್ನಡಿ ಅಕ್ಕನ ನಗು ಅಲ್ಲೇ ನಿಂತಿತು. ನಕಲನ್ನು ಎತ್ತಿ ಆ ಗುಣಿಯ ಮೇಲೆ ಹಿಡಿದು ನೋಡಿದಳು. ಸುತ್ತ ಒಂದು ಬೆರಳಷ್ಟು ಜಾಗ ಉಳಿಯಿತು. ಆರು ವರ್ಷದಿಂದ ಈ ಮನೆಗೆ ಬಂದವರೆಲ್ಲ ಗೋಡೆಯ ಮೇಲೆ ನೋಡಿದ್ದು ಈ ಚಿಕ್ಕ ತಗಡನ್ನೇ.

“ಈ ಪೆಟ್ಟಿಗೆ ಯಾರು ಮಾಡಿದ್ದು ಸಾರ್?”

“ಇನ್ಯಾರು, ಕಟ್ಟಿನವರೇ. ಮಾಡಿಕೊಟ್ಟು ಆಗಲೇ ತಿಂಗಳಾಯ್ತು.”

ಮೇಷ್ಟ್ರ ಹೆಂಡತಿ ಬೆರಳು ಮಡಿಸಿ ದಿನ ಎಣಿಸಿದರು. ಕಳುವಾಗಿ ಒಂಬತ್ತೇ ದಿನ.

“ಪಟ ಸಿಕ್ಕಿದೆ ಅಂತ ನಿಮಗೆ ಹೇಳಿದ್ದು ಯಾರು?” ಎಂದಳು ಭೂತಗನ್ನಡಿ ಅಕ್ಕ.

“ಅವರೇ. ಬೆಳಿಗ್ಗೆ ಹತ್ತು ಗಂಟೆಗೆ ಗ್ರಂಥಾಲಯಕ್ಕೆ ಬಂದಿದ್ರು. ಪೆಟ್ಟಿಗೆ ತಗೊಂಡು ಐದರ ಮೇಲೆ ಹೋಗಿ, ಅಷ್ಟು ಹೊತ್ತಿಗೆ ಅಸಲಿ ಪಟ ಈಚೆಗೆ ಬಂದಿರುತ್ತೆ ಅಂದ್ರು.”

ಬೆಳಿಗ್ಗೆ ಹತ್ತು ಗಂಟೆಗೆ. ಲಕೋಟೆ ಬಾಗಿಲ ಸಂದಿಯಲ್ಲಿ ತೂರಿದ್ದು ಮಧ್ಯಾಹ್ನ ಒಂದಕ್ಕೆ. ಹಾಗಾದರೆ ನಕಲನ್ನು ಎತ್ತಿದವನೂ, ‘ತಪ್ಪಾಗಿದೆ’ ಎಂದು ಬರೆದು ಕಳಿಸಿದವನೂ ಕಟ್ಟಿನಣ್ಣನೇ, ಅಸಲಿಯನ್ನು ಈಚೆಗೆ ತರಿಸುವುದಕ್ಕೆ.

ಮೇಷ್ಟ್ರು ಏನನ್ನೂ ಕೇಳಿಸಿಕೊಂಡಿರಲಿಲ್ಲ. ಮಖಮಲ್ಲಿನ ಮೇಲೆ ಮಲಗಿದ್ದ ಜಟ್ಟಿಗೆ ಆರು ವರ್ಷದ ಬಾಕಿ ನಮಸ್ಕಾರಗಳನ್ನೆಲ್ಲ ಒಟ್ಟಿಗೆ ಹೇಳುತ್ತಿದ್ದರು. ಅವರ ಪಕ್ಕದಲ್ಲಿ ಫೋನು ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ಈಗ ಆ ಸದ್ದು ನಿಂತು, ಯಾರೋ ಎತ್ತಿಕೊಂಡ ಕಟಕ್ ಎಂಬ ಶಬ್ದ ಬಂತು.

ಭೂತಗನ್ನಡಿ ಅಕ್ಕ ಸ್ಪೀಕರ್ ಆರಿಸಲು ಕೈ ಚಾಚುವುದರೊಳಗೆ ಕಟ್ಟಿನಣ್ಣನ ದನಿ ನಡುಮನೆಯಲ್ಲಿ ಕೇಳಿಸಿತು, ಮೂವತ್ತು ವರ್ಷ ಕೇಳಿಸಿದ ಹಾಗೆಯೇ, ಸಮಾಧಾನವಾಗಿ.

“ಈಗ ಸರಿಯಾಯ್ತಾ, ಮೇಷ್ಟ್ರೇ?”